ನನ್ನ ಫೋಟೋ, ಅವಳ ಬೆಳಗು

ನಾಲ್ಕೂಕಾಲಿಗೆ ಏಳುತ್ತೇನೆ. ದೀಪ ಹಾಕುವುದಿಲ್ಲ, ಮಕ್ಕಳಿಗೆ ಎಚ್ಚರವಾದೀತು. ನಾಲ್ಕೂವರೆಗೆ ಬೀದಿ ನಲ್ಲಿಯಲ್ಲಿ ನೀರು ಬರುತ್ತದೆ, ಐದೂಕಾಲಿಗೆ ನಿಂತುಹೋಗುತ್ತದೆ. ಅಷ್ಟರಲ್ಲಿ ಹನ್ನೆರಡು ಕೊಡ ಹೊತ್ತು ಡ್ರಮ್ಮು ತುಂಬಿಸುತ್ತೇನೆ. ಒಲೆಯ ಮೇಲೆ ಎರಡು ಹೊತ್ತಿನ ಅಡುಗೆ ಬೇಯುತ್ತಿರುವಾಗಲೇ ಈ ಕಡೆ ಬಟ್ಟೆ ಒಗೆದು ಹರವುತ್ತೇನೆ. ಮಾವನವರ ಹಾಸಿಗೆ ಬದಲಾಯಿಸಿ, ಮುಖ ಒರೆಸಿ, ಗುಳಿಗೆ ನುಂಗಿಸುತ್ತೇನೆ. ಮಗಳಿಗೆ ಜಡೆ ಹಾಕುತ್ತಾ ಮಗನಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತೇನೆ. ನಿಂತುಕೊಂಡೇ ಒಂದು ಲೋಟ ಚಹಾ ಕುಡಿಯುತ್ತೇನೆ. ಆಮೇಲೆ ಕೆಲಸಕ್ಕೆ ಹೊರಡುತ್ತೇನೆ. ಆಗ ಬೆಳಕು ಹರಿಯುತ್ತದೆ.

ಓದಿ ನಿಮಗೆ ಬೆರಗಾಯಿತೇ? ನನಗೂ ಆಯಿತು. ನನಗೆ ನಿಮಗಿಂತ ಒಂದು ಕಾರಣ ಹೆಚ್ಚಿಗೆ ಇತ್ತು: ಮೂರು ಸಾವಿರ ಪ್ರತಿ ಅಚ್ಚಾಗಿದ್ದ ಆ ಕರಪತ್ರದ ನೆತ್ತಿಯ ಮೇಲೆ ನಗುತ್ತಾ ಕೂತಿದ್ದದ್ದು ನನ್ನ ಫೋಟೋ.

ನಾನು ಏಳುವುದು ಐದೂಮುಕ್ಕಾಲಿಗೆ. ನಮ್ಮ ನಲ್ಲಿ ಅಡುಗೆಮನೆಯ ಒಳಗೇ ಇದೆ, ತಿರುಗಿಸಿದರೆ ಬರುತ್ತದೆ. ನಮ್ಮ ಒಬ್ಬಳೇ ಮಗಳು ಕಿವಿಯ ತನಕ ಕೂದಲು ಕತ್ತರಿಸಿಕೊಂಡು ಬೇರೆ ಊರಿನಲ್ಲಿ ಪಾಠ ಹೇಳುತ್ತಿದ್ದಾಳೆ. ಮಾವನವರು ತೀರಿಕೊಂಡು ಎಂಟು ವರ್ಷವಾಯಿತು. ಹಾಗಿದ್ದೂ ಈ ಕರಪತ್ರವನ್ನು ಮುದ್ರಣಾಲಯಕ್ಕೆ ಕೊಟ್ಟುಬಂದವರು, ಅಕ್ಷರ ತಿದ್ದಿದವರು, ತಿದ್ದುವಾಗ ಕಣ್ಣೀರು ಒರೆಸಿಕೊಂಡವರು, ಇಪ್ಪತ್ತಾರು ವರ್ಷದಿಂದ ಅದೇ ಮನೆಯಲ್ಲಿ ಉಂಡು ಮಲಗುತ್ತಿರುವ ನನ್ನ ಗಂಡ. (ತೀರಿಕೊಂಡ ಮಾವನವರು ಅವರ ಸ್ವಂತ ತಂದೆ ಎಂಬುದನ್ನು ಇಲ್ಲಿ ನೆನಪಿಸಬೇಕು.)

ಮೊದಲಿನಿಂದ ಹೇಳುತ್ತೇನೆ.

ನಮ್ಮ ಯಜಮಾನರು ವಿಮಾ ಕಚೇರಿಯಲ್ಲಿ ಮೇಲ್ವಿಚಾರಕರು. ನಗರಸಭೆಗೆ ನಿಲ್ಲಬೇಕೆಂಬುದು ಅವರ ಬಹುಕಾಲದ ಆಸೆ. ಈ ಸಲ ನಿಲ್ಲಲು ಹೊರಟರೆ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲು ಎಂದಾಯಿತು. ಎರಡು ದಿನ ಊಟ ಬಿಟ್ಟವರು ಮೂರನೆಯ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೂ ಮಹಿಳೆಯೇ ಅಲ್ವಾ?" ಎಂದರು. ಇದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ನನಗೆ ಛತ್ರಿ ಚಿಹ್ನೆ ಸಿಕ್ಕಿತು. ಪ್ರಣಾಳಿಕೆಯನ್ನು ಅವರೇ ಬರೆದರು: ಉದ್ಯಾನದಲ್ಲಿ ಬಣ್ಣದ ದೀಪದ ಕಾರಂಜಿ.

ನನ್ನ ಎದುರಾಳಿ ಕತ್ತರಿ ಚಿಹ್ನೆಯವರು. ಅವರನ್ನು ನಾವು ಮನೆಯಲ್ಲಿ ಕಾರಿನಮ್ಮ ಎನ್ನುತ್ತೇವೆ. ಹನ್ನೊಂದು ಲಾರಿಗಳ ಒಡತಿ. ಸಭೆಗೆ ಬರುವಾಗ ಬೀದಿಯಷ್ಟೇ ಅಗಲದ ಕಾರನ್ನು ಶಾಲೆಯ ಹಿಂದೆ ನಿಲ್ಲಿಸಿ, ಒಳಗೇ ಕೂತು ಹರಿದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಅಲ್ಲಿಂದ ನಡೆದು ಬರುತ್ತಾರೆ. ಆ ಚಪ್ಪಲಿಗೆಂದೇ ಕಾರಿನಲ್ಲಿ ಒಂದು ಮಖಮಲ್ಲಿನ ಚೀಲವಿದೆಯಂತೆ. ಕಲೆ ಎಂದರೆ ಅದು.

ನಮಗೆ ಅಂಥ ಕಲೆ ತಿಳಿಯದು. ನನ್ನ ಮೊದಲ ಸಭೆಗೆ ಮುಂಚೆ ಒಂದು ಮಳೆ ಹನಿದಿತ್ತು. ವೇದಿಕೆಯ ಕುರ್ಚಿ ಒದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ, ಒದ್ದೆ ಕಂಡಲ್ಲಿ ಕೈ ತಾನಾಗಿ ಹೋಗುತ್ತದೆ. ಕರವಸ್ತ್ರ ತೆಗೆದು ಒರೆಸಿ ಕೂತೆ. ಯಾರೋ ಫೋಟೋ ತೆಗೆದರು. ಮರುದಿನ ಅದು ವಾರ್ಡಿನ ಎಲ್ಲ ಫೋನುಗಳಲ್ಲಿ: 'ಜನರ ಧೂಳು ಸಹಿಸದ ಅಭ್ಯರ್ಥಿ.' ಸಂಜೆಯೊಳಗೆ ನನಗೆ ಕರವಸ್ತ್ರದಮ್ಮ ಎಂದು ನಾಮಕರಣವಾಯಿತು. ದೊಡ್ಡಸ್ತಿಕೆಯವಳು, ಜನಸಾಮಾನ್ಯರ ಗಂಧಗಾಳಿ ಇಲ್ಲದವಳು, ಉಪ್ಪರಿಗೆಯಿಂದ ಇಳಿದವಳು. (ನಮ್ಮದು ನೆಲಮಹಡಿ.) ಸ್ವಾಮಿ, ನಿಜವಾದ ದೊಡ್ಡವರು ಕುರ್ಚಿಯನ್ನು ಬೇರೆಯವರಿಂದ ಒರೆಸಿಸುತ್ತಾರೆ, ತಾನೇ ಒರೆಸಿಕೊಂಡವಳು ದೊಡ್ಡವಳು ಹೇಗಾದಳು ಎಂದು ಯಾರೂ ಕೇಳಲಿಲ್ಲ.

ಕಾರಿನಮ್ಮ ಮುಂದಿನ ಸಭೆಯಲ್ಲಿ ಇಷ್ಟೇ ಕೇಳಿದರು: "ಆ ತಾಯಿ ಹೇಳಲಿ ನೋಡೋಣ, ಅವರ ಮನೇಲಿ ಪಾತ್ರೆ ಉಜ್ಜೋ ನಾರು ಎಲ್ಲಿರುತ್ತೆ?"

ನನ್ನ ಅಡುಗೆಮನೆಯಲ್ಲಿ ಏಲಕ್ಕಿ ಎಲ್ಲಿದೆ, ಹೆಚ್ಚಿನ ಗುಂಡಿ-ದಾರ ಎಲ್ಲಿದೆ, ಗಂಡನಿಗೆ ಆರನೇ ವಯಸ್ಸಿನಲ್ಲಿ ಹಾಕಿಸಿದ ಲಸಿಕೆಯ ಚೀಟಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ನಾರು? ಪತ್ರಕರ್ತರು ಸುತ್ತುವರಿದು ಕೇಳಿದಾಗ ನಾನು ತಡವರಿಸಿ, "ಅಡುಗೆಮನೆಯಲ್ಲಿ" ಎಂದೆ. ಅವರು ನಕ್ಕ ರೀತಿ ನೋಡಿ ನಾನು ಉದ್ಯಾನದ ಕಾರಂಜಿಯ ಬಗ್ಗೆ ಮಾತು ಎತ್ತಲೇ ಇಲ್ಲ.

ನಾರು ಎಲ್ಲಿರುತ್ತದೆಂದು ಗೊತ್ತಿದ್ದವಳು ಏಳೂಹತ್ತು. ಅದು ಅವಳ ಹೆಸರಲ್ಲ, ನಾನು ಇಟ್ಟದ್ದು. ಒಂಬತ್ತು ವರ್ಷದಿಂದ ನಮ್ಮಲ್ಲಿ ಪಾತ್ರೆ ತೊಳೆದು ನೆಲ ಒರೆಸುವವಳು. ಏಳು ಗಂಟೆಗೆ ಬಾ ಎಂದರೆ ಒಂದು ದಿನವೂ ತಪ್ಪದೆ ಏಳೂಹತ್ತಕ್ಕೆ ಬರುತ್ತಾಳೆ. ಅಡುಗೆಮನೆಯ ಗಡಿಯಾರದಲ್ಲಿ ನಾನೇ ನೋಡಿದ್ದೇನೆ. (ಆ ಗಡಿಯಾರವನ್ನು ನಮ್ಮವರು ಕಚೇರಿಗೆ ತಡವಾಗದಿರಲೆಂದು ಹತ್ತು ನಿಮಿಷ ಮುಂದಿಟ್ಟಿದ್ದಾರೆ. ಇಟ್ಟವರು ತಾವೇ ಆದ್ದರಿಂದ, "ಇನ್ನೂ ಹತ್ತು ನಿಮಿಷ ಇದೆ ಬಿಡು" ಎಂದು ದಿನಾ ಇನ್ನೊಂದು ಲೋಟ ಕಾಫಿ ಕೇಳುತ್ತಾರೆ.)

ಒಂದು ದಿನ ತಾಳ್ಮೆ ಕೆಟ್ಟು, ಆ ಹತ್ತು ನಿಮಿಷ ಎಲ್ಲಿ ಹೋಗುತ್ತದೆಂದು ಕಂಡುಹಿಡಿದೇ ತೀರುವುದೆಂದು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತೆ. "ಎದ್ದಾಗಿನಿಂದ ಏನೇನು ಮಾಡ್ತೀಯ, ಒಂದೂ ಬಿಡದೆ ಹೇಳು" ಎಂದೆ. ಅವಳು ನೆಲ ಒರೆಸುತ್ತಲೇ ಹೇಳಿದಳು. ನಾನು ಅವಳ ಮಾತಿನಲ್ಲೇ ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಎಲ್ಲಿ ಹತ್ತು ನಿಮಿಷ ಉಳಿಸಬಹುದು ಎಂದು ಪೆನ್ಸಿಲ್ ಹಿಡಿದು ಒಂದು ವಾರ ಯೋಚಿಸಿದೆ. ಚಹಾ ಕುಡಿಯುವುದನ್ನು ಬಿಡಿಸಿದರೆ ಮೂರು ನಿಮಿಷ ಉಳಿಯುತ್ತಿತ್ತು. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ನಾರಿನ ಪ್ರಕರಣವಾದ ಸಂಜೆ ನಮ್ಮವರು, "ನಿನ್ನ ಕಷ್ಟ ಜನಕ್ಕೆ ಗೊತ್ತಾಗ್ಬೇಕು. ಬೆಳಕು ಹರಿಯೋ ಮುಂಚೆ ನೀನು ಮಾಡೋ ಕೆಲಸ ಎಲ್ಲಾ ಬರೆದಿಡು" ಎಂದು ಅಪ್ಪಣೆ ಕೊಟ್ಟರು. ಬರೆದೆ. ಹಾಲು ಕಾಯಿಸುವುದು. ಅವರ ಅಂಗಿ ಇಸ್ತ್ರಿ ಮಾಡುವುದು. ಅವರ ಬಿ.ಪಿ. ಮಾತ್ರೆ ನೆನಪಿಸುವುದು. ಅವರ ಕನ್ನಡಕ ಹುಡುಕುವುದು. ಅವರನ್ನು ಮೂರು ಸಲ ಎಬ್ಬಿಸುವುದು. ಇವತ್ತೇನು ತಿಂಡಿ, ನಾಳೆಗೇನು, ಏನು ಮುಗಿದಿದೆ, ಏನು ಕೆಟ್ಟಿದೆ ಎಂದು ಹಲ್ಲುಜ್ಜುವಾಗಲೇ ಲೆಕ್ಕ ಹಾಕುವುದು. ಅದನ್ನೂ ಫ್ರಿಜ್ಜಿಗೇ ಅಂಟಿಸಿದೆ. ಮರುದಿನ ಅವರು ಕನ್ನಡಕವಿಲ್ಲದೆ (ನಾನು ಇನ್ನೂ ಹುಡುಕಿರಲಿಲ್ಲ) ಉದ್ದವಾಗಿ ಕಂಡ ಹಾಳೆಯನ್ನು ಕಿತ್ತುಕೊಂಡು ಹೋದರು.

ಕರಪತ್ರ ಮನೆ ಮನೆಗೆ ಹೋದ ಮೇಲೆಯೇ ನಾನು ನೋಡಿದ್ದು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ನನ್ನ ಎರಡೂ ಕೈ ಹಿಡಿದುಕೊಂಡರು. "ಇಷ್ಟೆಲ್ಲಾ ಮಾಡ್ತಿದ್ದೆ, ಒಂದಿನಾನೂ ಹೇಳ್ಲಿಲ್ವಲ್ಲೇ" ಎಂದರು. ಮುದ್ರಣಾಲಯದಲ್ಲಿ ಕನ್ನಡಕ ಹಾಕಿಕೊಂಡೇ ಓದಿದ್ದರಂತೆ. ಹಾಗಾದರೆ ಮಾವನವರು, ಎಂದೆ. "ಅಪ್ಪನ್ನ ನೀನು ಎಷ್ಟು ಚೆನ್ನಾಗಿ ನೋಡ್ಕೊಂಡೆ, ಅದನ್ನ ಬರೆದಿದೀಯ ಅಂದ್ಕೊಂಡೆ" ಎಂದರು. ಕೆಲಸಕ್ಕೆ ಹೊರಡುತ್ತೇನೆ ಎಂದರೆ? ಸಮಾಜಸೇವೆ.

ಈಗ ನಿಮ್ಮೊಡನೆ ಸುಳ್ಳು ಹೇಳುವುದಿಲ್ಲ. ಆ ಕ್ಷಣ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಏಕೆಂದರೆ ಮರುದಿನ ಬೆಳಿಗ್ಗೆ, ನನ್ನ ವೈವಾಹಿಕ ಜೀವನದ ಒಂಬತ್ತು ಸಾವಿರದ ಚಿಲ್ಲರೆ ಬೆಳಿಗ್ಗೆಗಳಲ್ಲಿ ಮೊತ್ತಮೊದಲ ಬಾರಿಗೆ, ನಾನು ಮಲಗಿದ್ದಲ್ಲಿಗೆ ಒಂದು ಲೋಟ ಕಾಫಿ ಬಂತು. ಸಕ್ಕರೆ ಇರಲಿಲ್ಲ, ಡಬ್ಬಿ ಸಿಗಲಿಲ್ಲವಂತೆ. ಲೋಟ ಹಿಡಿದು ನಿಂತ ಆ ಗಂಡಸಿನ ಕಣ್ಣಿನಲ್ಲಿದ್ದ ಭಯಭಕ್ತಿ ನೋಡಿ ನಾನು ಆ ಕಹಿಯನ್ನು ಅಮೃತವೆಂದು ಕುಡಿದೆ. ನಾನೇ ಮಾಡಿದ ಕೆಲಸಕ್ಕೆ ಇಪ್ಪತ್ತಾರು ವರ್ಷದಲ್ಲಿ ಬಾರದ ಕಾಫಿ, ಮಾಡದ ಕೆಲಸಕ್ಕೆ ಮಂಚದವರೆಗೆ ಬಂದಿತ್ತು.

ಬೀದಿಯಲ್ಲೂ ಹಾಗೇ. ಕರವಸ್ತ್ರದಮ್ಮ ಎಂದವರೇ ಎದ್ದು ನಿಂತರು.

ಏಳೂಹತ್ತು ಆ ದಿನವೂ ಏಳೂಹತ್ತಕ್ಕೆ ಬಂದಳು. ಕೈಯಲ್ಲಿ ಕರಪತ್ರ ಇತ್ತು. ಮಗಳು ಓದಿ ಹೇಳಿದಳಂತೆ. ನಾನು ಸಿಂಕಿನ ಕಡೆ ತಿರುಗಿ ಇಲ್ಲದ ಕಲೆ ಉಜ್ಜಲು ಹೊರಟೆ, ನಾರು ಸಿಗಲಿಲ್ಲ.

"ಚೆನ್ನಾಗಿ ಬಂದಿದೆ ಅಕ್ಕಾ," ಎಂದಳು. "ಒಂದು ತಪ್ಪಿದೆ ಅಷ್ಟೆ. ಹನ್ನೆರಡು ಕೊಡ ಅಂದಿದ್ದೆ, ಬೇಸಿಗೇಲಿ ಹದಿನಾಲ್ಕು."

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಮತಪತ್ರದಲ್ಲಿ ಮೂರನೆಯ ಹೆಸರೊಂದಿತ್ತು, ಬಕೆಟ್ಟು ಚಿಹ್ನೆ. ಅದು ಏಳೂಹತ್ತಿನದೇ. ನಿಲ್ಲಿಸಿದವರು ನಮ್ಮವರು. ಕಾರಿನಮ್ಮನಿಗೆ ಹೋಗುವ ಬಡವರ ಮತವನ್ನು ಇವಳು ಸ್ವಲ್ಪ ಒಡೆಯಲಿ, ಗೆಲ್ಲುವ ಪ್ರಶ್ನೆಯೇ ಇಲ್ಲ, ಪ್ರಚಾರ ಮಾಡುವ ಹಾಗೂ ಇಲ್ಲ. ಇದು ನಮ್ಮವರ ಪ್ರಕಾರ ಚಾಣಾಕ್ಷತನ. ಅವಳು ಕೇಳಿದ್ದು ಒಂದೇ: ತಮ್ಮ ಬೀದಿಯ ನಲ್ಲಿಗೆ ನೀರು ಆರು ಗಂಟೆಗೆ ಬಿಡಿಸಿ, ಒಂದೂವರೆ ಗಂಟೆ ಹೆಚ್ಚಿಗೆ ಮಲಗುತ್ತೇನೆ. ಕಾರಂಜಿ ಆದ ಮೇಲೆ ನೋಡೋಣ ಎಂದಿದ್ದರು.

ಕಾರಿನಮ್ಮ ಸುಮ್ಮನಿರುವರೇ? ನಾಳೆ ನಾಲ್ಕೂವರೆಗೆ ಬೀದಿ ನಲ್ಲಿಗೆ ತಮ್ಮ ಫೋಟೋದವನನ್ನು ಕಳಿಸುತ್ತೇನೆ, ಆ ತಾಯಿ ಹನ್ನೆರಡು ಕೊಡ ಹೊರುವುದನ್ನು ಊರು ನೋಡಲಿ ಎಂದು ಸವಾಲು ಹಾಕಿದರು. ನಮ್ಮವರಿಗೆ ಉತ್ಸಾಹವೋ ಉತ್ಸಾಹ. "ನಿನಗೇನು, ದಿನಾ ಮಾಡೋದೇ ತಾನೆ?" ತಾವೂ ಬರುತ್ತಿದ್ದರಂತೆ, ಆದರೆ ಆ ಹೊತ್ತಿಗೆ ಏಳುವುದು ಎಲ್ಲರಿಂದ ಆಗುವ ಕೆಲಸವಲ್ಲವಲ್ಲ.

ಮನೆಯಲ್ಲಿದ್ದದ್ದು ಒಂದೇ ಕೊಡ, ಹಿತ್ತಾಳೆಯದು. ಹಜಾರದ ಮೂಲೆಯಲ್ಲಿ ಛತ್ರಿಗಳನ್ನು ನಿಲ್ಲಿಸಲು ಇಟ್ಟದ್ದು. ಛತ್ರಿ ಸುರಿದು ಅದನ್ನೇ ಎತ್ತಿಕೊಂಡು ಕತ್ತಲೆಯಲ್ಲಿ ಹೋದೆ. ನಲ್ಲಿಯ ಮುಂದೆ ನಲವತ್ತು ಕೊಡ ಸಾಲಾಗಿ ಕೂತಿದ್ದವು. ಅಭ್ಯರ್ಥಿಗಳಿಗೆ ಎಲ್ಲಿ ಹೋದರೂ ಮುಂದಿನ ಸಾಲು ತಾನೆ, ನನ್ನದನ್ನು ಮೊದಲಿಟ್ಟೆ. "ಆ ಹಿತ್ತಾಳೆ ಹಿಂದಕ್ಕೆ ಹೋಗ್ಲಿ" ಎಂದು ಒಂದು ಮುದಿ ಧ್ವನಿ ಹೇಳಿತು. ಹೋಯಿತು.

ಅಲ್ಲಿ ನಾನು ಏಳೂಹತ್ತನ್ನು ನೋಡಿದೆ. ಒಂಬತ್ತು ವರ್ಷ ದಿನಾ ನೋಡಿದ್ದೆ, ಬಗ್ಗಿದವಳನ್ನು ಮಾತ್ರ. ಎದ್ದು ನಿಂತರೆ ಇಷ್ಟು ಎತ್ತರ ಎಂದು ತಿಳಿದಿರಲಿಲ್ಲ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಕೆಸರು, ಕಲ್ಲು, ಮಲಗಿದ ನಾಯಿ, ಅದನ್ನೆಲ್ಲ ಕಾಲೇ ನೋಡಿಕೊಳ್ಳುತ್ತಿತ್ತು, ಕಣ್ಣು ಮುಂದಿತ್ತು. ಎರಡು ಕೊಡದ ಅಂಚಿನವರೆಗೆ ತುಂಬಿದ ನೀರು ತುಳುಕುವುದಿರಲಿ, ಅಲುಗಲಿಲ್ಲ. ಅರಮನೆಯ ಮೆಟ್ಟಿಲಿನಿಂದ ಇಳಿಯುವವರು ಹೇಗೆ ನಡೆಯುತ್ತಾರೋ ನನಗೆ ತಿಳಿಯದು. ಇದಕ್ಕಿಂತ ಚೆನ್ನಾಗಿ ನಡೆಯಲಾರರು. ನಾನು ಬಾಯಿ ತೆರೆದು ನಿಂತೆ, ನನ್ನ ಸರದಿ ದಾಟಿಹೋಯಿತು.

ನನ್ನ ಮೊದಲ ಕೊಡದಲ್ಲಿ ಅರ್ಧ ನನಗೇ ಸ್ನಾನವಾಯಿತು. ಎರಡನೆಯದಕ್ಕೆ ಒಂದು ಚಪ್ಪಲಿ ಕೆಸರಿಗೆ ಹೋಯಿತು. ಮೂರಾದ ಮೇಲೆ ಇನ್ನೆಷ್ಟು ಎಂದೆ. "ಒಂಬತ್ತು. ನೀವೇ ಅಚ್ಚು ಹಾಕ್ಸಿದೀರಲ್ಲ ಅಕ್ಕಾ," ಎಂದಳು ಏಳೂಹತ್ತು. ಫೋಟೋದವನಿಗೆ ಅನುಮಾನ. ಈ ನೀರು ಎಲ್ಲಿಗೆ ಹೋಗ್ತಿದೆ, ಇವರ ಮನೆ ಆ ಕಡೆ ಅಲ್ಲವಾ ಎಂದ. ಸುತ್ತಲಿನ ನಲವತ್ತು ಹೆಂಗಸರಿಗೂ ನಾನು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು ಎಂದು ಗೊತ್ತು. ಎಲ್ಲರೂ ಏಳೂಹತ್ತಿನ ಮುಖ ನೋಡಿದರು.

"ನಮ್ಮ ಮನೆಗೆ," ಎಂದಳು ಅವಳು. "ಬಡವರ ಮನೆಗೆ ನೀರು ಹೊತ್ತು ಹಾಕ್ತಿದಾರೆ. ಬರ್ಕೊಳ್ಳಿ."

ಅವನು ಬರೆದುಕೊಂಡ. ನನ್ನ ದೊಡ್ಡಸ್ತಿಕೆ ಅಲ್ಲಿಗೆ ತೊಳೆದುಹೋಯಿತು ಎಂದು ಆಮೇಲೆ ನಮ್ಮವರು ಹೇಳಿದರು.

ಐದನೆಯ ಕೊಡವನ್ನು ಅವಳ ಹೊಸ್ತಿಲಲ್ಲಿ ಚೆಲ್ಲಿ, ಆರನೆಯದನ್ನು ಹೇಗೋ ಡ್ರಮ್ಮಿಗೆ ಸುರಿದು ಗೋಡೆಗೆ ಒರಗಿದೆ. ಒಂದೇ ಕೋಣೆ. ಹಾಸಿಗೆಯಲ್ಲಿದ್ದ ಅವಳ ಮಾವ, ಯಾರಮ್ಮ ಅದು, ಎಂದರು. "ಹೊಸಬರು ಮಾವಾ. ಕಲೀತಾ ಇದಾರೆ," ಎಂದಳು ಏಳೂಹತ್ತು.

ಹೊರಗೆ ನಲ್ಲಿ ಗೊರ ಗೊರ ಎಂದು ನಿಂತಿತು. ಗೋಡೆಯ ಗಡಿಯಾರ ನೋಡಿದೆ, ಸರಿಯಾಗಿ ಐದೂಕಾಲು. ನಿಮ್ಮ ಗಡಿಯಾರ ಸರಿಯಾಗಿದೆಯಲ್ಲ, ಎಂದೆ, ಏನಾದರೂ ಹೇಳಬೇಕೆಂದು.

"ಕಾಲು ಗಂಟೆ ಆಚೆ ಈಚೆ ಆದ್ರೆ ನೀರು ಹೋಯ್ತಲ್ಲ ಅಕ್ಕಾ. ನಿಮ್ಮನೇದು ಹತ್ತು ನಿಮಿಷ ಮುಂದಿದ್ರೆ ನಡೆಯುತ್ತೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಮ್ಮ ಮನೆಯಲ್ಲಿ ಎಲ್ಲರೂ ಆ ಗಡಿಯಾರದಲ್ಲಿ ಹತ್ತು ಕಳೆದು ಓದುತ್ತೇವೆ. ಕಚೇರಿಗೆ ಕಳೆಯುತ್ತೇವೆ, ಬಸ್ಸಿಗೆ ಕಳೆಯುತ್ತೇವೆ, ಇನ್ನೊಂದು ಕಾಫಿಗೆ ಕಳೆಯುತ್ತೇವೆ. ಇವಳು ಬಾಗಿಲು ದೂಡಿದಾಗ ಮಾತ್ರ, ಒಂಬತ್ತು ವರ್ಷ, ಒಂದು ದಿನವೂ ಕಳೆಯಲಿಲ್ಲ. ಅವಳು ದಿನಾ ಏಳಕ್ಕೇ ಬರುತ್ತಿದ್ದಳು.

"ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಗಡಿಯಾರ ತಿದ್ತಿದ್ರೋ, ಆರೂಐವತ್ತಕ್ಕೆ ಬಾ ಅಂತಿದ್ರೋ," ಎಂದು ನಕ್ಕಳು. "ನನಗೆ ಗ್ಯಾರಂಟಿ ಇರ್ಲಿಲ್ಲ."

ಮನೆಗೆ ಹೋಗಿ ನಮ್ಮವರನ್ನು ಎಬ್ಬಿಸಿ (ಮೂರು ಸಲ) ಎಲ್ಲ ನಿಜ ಹೇಳಿದೆ. ಕರಪತ್ರ ಯಾರದು, ಮಾವ ಯಾರವರು, ಮಗ್ಗಿ ಯಾರದು. ಅವರು ಕನ್ನಡಕಕ್ಕಾಗಿ ತಡಕಾಡುತ್ತಾ, "ಹಾಗಾದ್ರೆ ನೀನೇನು ಮಾಡ್ತೀಯ?" ಎಂದರು. ಫ್ರಿಜ್ಜಿನ ಬಾಗಿಲಲ್ಲಿ ಉಳಿದಿದ್ದ ನನ್ನ ಹಾಳೆ ಕೊಟ್ಟೆ. ಓದಿ, "ನನ್ನ ಎಬ್ಬಿಸೋದೂ ಒಂದು ಕೆಲಸವಾ?" ಎಂದರು. ಎಣಿಕೆ ಮುಗಿಯುವವರೆಗೆ ಯಾರಿಗೂ ಹೇಳಬೇಡ ಎಂದೂ ತಾಕೀತು ಮಾಡಿದರು. ಮರುದಿನದಿಂದ ಕಾಫಿ ನಿಂತಿತು.

ಮತದಾನದ ಹಿಂದಿನ ದಿನ ಅವರು ಚಿಂತೆಯಲ್ಲಿದ್ದರು. ನಲ್ಲಿ ಬೀದಿ, ಕೊಳದ ಬೀದಿ, ಹೊಸ ಬಡಾವಣೆಯ ಹಿಂದಿನ ಸಾಲು, ಎಲ್ಲ ಕಡೆ ಬಕೆಟ್ಟಿನ ಮಾತಂತೆ. ಏಳೂಹತ್ತನ್ನು ಕರೆದು ಜಬರಿಸಿದರು: ಪ್ರಚಾರ ಮಾಡಬಾರದು ಎಂದು ಒಪ್ಪಂದವಾಗಿತ್ತಲ್ಲ?

"ಮಾಡಿಲ್ಲ ಅಣ್ಣಾ. ಬಕೆಟ್ಟಿಗೆ ಹಾಕಿ ಅಂತ ಒಬ್ಬರಿಗೂ ಅಂದಿಲ್ಲ. ಅಕ್ಕನ ಕರಪತ್ರ ಓದಿ ಅಂದೆ, ಅಷ್ಟೆ."

ನಾನು ತಿಂಗಳಿನಿಂದ ಎಷ್ಟೋ ಭಾಷಣ ಕೇಳಿದ್ದೆ, ಇಷ್ಟು ಚಿಕ್ಕದಾದ ದೊಡ್ಡ ಭಾಷಣ ಕೇಳಿರಲಿಲ್ಲ. ಮೂರು ಸಾವಿರ ಪ್ರತಿಗಳನ್ನು ನಾವೇ ಮನೆ ಮನೆಗೆ ಹಂಚಿದ್ದೆವು. ಆ ಬೆಳಗು ಯಾರದ್ದೆಂದು ಓದಿದವರಿಗೆ ತಿಳಿಯದೇ? ಫೋಟೋವನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಮುಗಿಯಿತು.

ಹೋಗುವ ಮುಂಚೆ ಅವಳು ನನ್ನನ್ನು ಒಳಗೆ ಕರೆದಳು. "ಗೆದ್ದರೆ ಏಳಕ್ಕೆ ಬರೋಕಾಗಲ್ಲ ಅಕ್ಕಾ. ಬೆಳಗ್ಗೆ ಬೆಳಗ್ಗೆನೇ ನೀರಿನ ಆಫೀಸಲ್ಲಿ ಕೂರ್ಬೇಕಾಗುತ್ತೆ. ಸೋತರೆ ಬರ್ತೀನಿ." ಆಮೇಲೆ ಬಗ್ಗಿ ತೋರಿಸಿದಳು: "ನಾರು ಇಲ್ಲಿ, ಸಿಂಕಿನ ಕೆಳಗೆ ಪೈಪಿಗೆ ಸಿಕ್ಕಿಸಿರ್ತೀನಿ. ಹುಡುಕ್ಬೇಡಿ."

ಬೆಳಿಗ್ಗೆ ಶಾಲೆಯ ಮುಂದೆ ಸಾಲಿನಲ್ಲಿ ನಿಂತೆವು. ನಮ್ಮವರು ಛತ್ರಿ ಹಿಡಿದು, ಮಳೆ ಬಿಸಿಲು ಎರಡೂ ಇಲ್ಲದಿದ್ದರೂ, ನನ್ನ ಪಕ್ಕದಲ್ಲೇ ಇದ್ದರು. ಬಾಗಿಲ ಬಳಿ ಅಧಿಕಾರಿ ಅವರನ್ನು ತಡೆದು, ಇಲ್ಲಿಂದ ಒಳಗೆ ಒಬ್ಬೊಬ್ಬರೇ, ಎಂದ. ನನ್ನ ಮದುವೆಯಾದಂದಿನಿಂದ ನಾನೊಬ್ಬಳೇ ಹೋಗಿ, ಯಾರಿಗೂ ಹೇಳದೆ, ಏನನ್ನಾದರೂ ತೀರ್ಮಾನಿಸಬಹುದಾದ ಜಾಗ ಆ ರಟ್ಟಿನ ಮರೆ ಒಂದೇ. ಮೂರಡಿ ಅಗಲ.

ಮತಪತ್ರ ಬಿಡಿಸಿದೆ. ಕತ್ತರಿ, ಛತ್ರಿ, ಬಕೆಟ್ಟು. ಮನಸ್ಸಿನಲ್ಲಿ ನಾಡಿನ ಭವಿಷ್ಯ ಓಡಿತು ಎಂದು ಬರೆಯಬಹುದು, ನೀವು ನಂಬಲೂಬಹುದು. ಓಡಿದ್ದು ಪಾತ್ರೆ. ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಪಾತ್ರೆ ಬೀಳುತ್ತದೆಂದು ಹಿಂದಿನ ರಾತ್ರಿ ಮೊದಲ ಸಲ ಎಣಿಸಿದ್ದೆ. ಇಬ್ಬರಿಗೆ ಮೂವತ್ತೆಂಟು. ಅದರಲ್ಲಿ ಏಳು ಕಾಫಿ ಲೋಟ. ಇವಳು ಗೆದ್ದರೆ ನಾಳಿದ್ದಿನಿಂದ ಆ ಮೂವತ್ತೆಂಟು ಯಾರದು? ಸೋತರೆ ಏಳಕ್ಕೆ ಬರುತ್ತಾಳೆ. ಒಂದು ಮತದಿಂದ ಏನು ಮಹಾ ಆಗುತ್ತದೆ ಎಂದುಕೊಂಡೆ. ಒಂದು ಮತದಿಂದಲೇ ಆಗಿಬಿಟ್ಟರೆ ಎಂದೂ ಅನ್ನಿಸಿತು. ಮುದ್ರೆ ಹಿಡಿದ ಕೈ ತಾನಾಗಿ ಛತ್ರಿಯ ಕಡೆಗೆ ಹೋಯಿತು, ಒದ್ದೆ ಕಂಡ ಕುರ್ಚಿಯ ಕಡೆಗೆ ಹೋದ ಹಾಗೆ. ನಾರಿನ ಪ್ರಶ್ನೆ ಕೇಳಿದ ಕಾರಿನಮ್ಮ ಆ ಕ್ಷಣ ನನ್ನನ್ನು ನೋಡಿದ್ದರೆ ಮತ್ತೇನೂ ಕೇಳಬೇಕಾಗಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ.

ತಲೆ ಎತ್ತಿದೆ. ತರಗತಿಯ ಗೋಡೆಯ ಮೇಲಿನ ಗಡಿಯಾರ ಏಳೂಹತ್ತು ತೋರಿಸುತ್ತಿತ್ತು. ಅಭ್ಯಾಸಬಲದಿಂದ ಹತ್ತು ಕಳೆಯಲು ಹೋಗಿ, ಇದು ನಮ್ಮ ಗಡಿಯಾರವಲ್ಲ ಎಂದು ನೆನಪಾಗಿ ಬಿಟ್ಟೆ.

ಕರವಸ್ತ್ರ ತೆಗೆದು ಬೆವತ ಕೈಯನ್ನು ಒರೆಸಿಕೊಂಡೆ. ನಾರು ಸಿಂಕಿನ ಕೆಳಗೆ, ಪೈಪಿಗೆ ಸಿಕ್ಕಿಸಿದೆ ಎಂದು ಒಮ್ಮೆ ನನಗೆ ನಾನೇ ಹೇಳಿಕೊಂಡೆ. ಬಕೆಟ್ಟಿನ ಮೇಲೆ ಮುದ್ರೆ ಒತ್ತಿದೆ.